ಮಡಿವಾಳದ ಗದ್ದಲಕ್ಕೆ ಸೌರಫಲಕದ ಗೋಡೆ: ಲೆಕ್ಕ ಸರಿಹೋದೀತೇ?

ರಸ್ತೆಯ ಬದಿಗೆ ಸೌರಫಲಕಗಳನ್ನೇ ಗೋಡೆಯಂತೆ ನಿಲ್ಲಿಸಿ ವಾಹನಗಳ ಸದ್ದನ್ನು ತಡೆಯಬಹುದು, ಜೊತೆಗೆ ವಿದ್ಯುತ್ತನ್ನೂ ಪಡೆಯಬಹುದು ಎಂಬ ವಿಚಾರ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಎ-13 ಹೆದ್ದಾರಿಯ ಪಕ್ಕದಲ್ಲಿ 1989ರಲ್ಲೇ 100 ಕಿಲೋವ್ಯಾಟ್ ಸಾಮರ್ಥ್ಯದ ಇಂಥ ಗೋಡೆ ಎದ್ದಿತು. ನೆದರ್ಲೆಂಡ್ಸಿನ ಊಡನ್ ಬಳಿ ಎರಡೂ ಮುಖದಿಂದ ಬಿಸಿಲು ಹೀರುವ, ಸುಮಾರು 400 ಮೀಟರ್ ಉದ್ದದ ಗೋಡೆಯನ್ನು ಕಟ್ಟಲಾಯಿತು. ಈ ಉಪಾಯ ಬೆಂಗಳೂರಿನ ಮಡಿವಾಳಕ್ಕೆ ಒಗ್ಗೀತೇ? ನಮ್ಮ ಬೆಳೆಗಾರರ ಮಕ್ಕಳು ಅನೇಕರು ಓದು, ಉದ್ಯೋಗಗಳಿಗಾಗಿ ಆ ಭಾಗದಲ್ಲಿದ್ದಾರೆ. ನಾಳೆ ಇದೇ ಯೋಜನೆ ನಮ್ಮ ಘಟ್ಟದ ಹೆದ್ದಾರಿಗೂ ಬರಬಹುದು. ಆದುದರಿಂದ ಸದಸ್ಯ ಬಾಂಧವರು ಈಗಲೇ ವಿಚಾರ ಮಾಡುವುದು ಲೇಸು.

ಮೊದಲು ಸದ್ದಿನ ಮಾತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದೆಂದು 2000ದ ನಿಯಮಗಳು ಹೇಳುತ್ತವೆ. ವಾಹನವನ್ನು ಕಣ್ಣಿಗೆ ಮರೆಮಾಡುವಷ್ಟು ಎತ್ತರದ ಗೋಡೆಯಿಂದ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಕಿವಿಗೆ ಸದ್ದು ಅರ್ಧವಾಯಿತೆನಿಸಲು 10 ಇಳಿಯಬೇಕು. ಆದರೆ ಗೋಡೆ ಎಡೆಬಿಡದೆ ಇರಬೇಕು. ಬೇಲಿಯ ಕಂಡಿಯಲ್ಲಿ ದನ ನುಗ್ಗುವಂತೆ ಸದ್ದೂ ನುಗ್ಗುತ್ತದೆ. ಮಡಿವಾಳದಲ್ಲಿ ಹೊಸೂರು ರಸ್ತೆಯುದ್ದಕ್ಕೂ ಅಂಗಡಿ, ತರಕಾರಿ ಮಾರುಕಟ್ಟೆ, ಬಸ್ಸು ಹಿಡಿಯುವ ತಾಣ, ಅಡ್ಡರಸ್ತೆಗಳು. ಅಲ್ಲಿ ಎಡೆಬಿಡದ ಗೋಡೆಯೆಂದರೆ ವ್ಯಾಪಾರಕ್ಕೇ ಬೀಗ. ಮೇಲಾಗಿ ಗಾಜು ಸದ್ದನ್ನು ಹೀರದು, ಎದುರು ಸಾಲಿನ ಮನೆಗಳತ್ತ ಅಟ್ಟುತ್ತದೆ.

ಎರಡನೆಯದು ಬಿಸಿಲು. ಯುರೋಪಿನಲ್ಲಿ ಸೂರ್ಯ ಓರೆಯಾಗಿ ಬೆಳಗುವುದರಿಂದ ನೆಟ್ಟಗೆ ನಿಂತ ಫಲಕಕ್ಕೂ ಬಿಸಿಲು ದಕ್ಕುತ್ತದೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ವರ್ಷದ ಬಹುಕಾಲ ನಡುಹಗಲಿನ ಬಿಸಿಲು ನೆತ್ತಿಯ ಸಮೀಪವೇ ಇರುತ್ತದೆ. ನಿಂತ ಫಲಕಕ್ಕೆ ಬೆಳಗು, ಸಂಜೆಯ ಬಿಸಿಲೇ ಗತಿ. ಅದಕ್ಕೂ ಕಟ್ಟಡಗಳು ಅಡ್ಡ. ಕಾಫಿ ಗಿಡಕ್ಕೆ ನೆರಳು ಹಿತ. ಆದರೆ ಒಂದು ಫಲಕದ ಮೇಲೆ ಕೊಂಬೆಯ ನೆರಳು ಬಿದ್ದರೂ ಅದರೊಡನೆ ಜೋಡಿಸಿದ ಇತರ ಫಲಕಗಳ ಉತ್ಪತ್ತಿ ಕುಗ್ಗಬಹುದು. ಲಾರಿ, ಬಸ್ಸುಗಳ ಮಸಿ, ಧೂಳುಗಳನ್ನು ತೊಳೆಯುವ ಖರ್ಚು ಬೇರೆ.

ಹಾಗೆಂದು ವಿಚಾರವನ್ನೇ ಕೈಬಿಡಬೇಕಾಗಿಲ್ಲ. ರೇಷ್ಮೆ ಮಂಡಳಿ ವೃತ್ತದಾಚೆ ಎಲೆಕ್ಟ್ರಾನಿಕ್ ಸಿಟಿಯವರೆಗೆ 2010ರಲ್ಲಿ ತೆರೆದ ಸುಮಾರು 10 ಕಿ.ಮೀ. ಉದ್ದದ ಮೇಲ್ರಸ್ತೆಯಿದೆ. ಅದರ ಅಂಚಿಗೆ ಅಂಗಡಿ ಬಾಗಿಲುಗಳಿಲ್ಲ. 2025ರಲ್ಲಿ ಆರಂಭವಾದ ಮೆಟ್ರೊ ಹಳದಿ ಮಾರ್ಗದ ನೆರಳು ಬೀಳದ, ಮನೆಗಳು ಹತ್ತಿರವಿರುವ ಕಡೆಯಲ್ಲಿ 100 ಮೀಟರ್ ಗೋಡೆ ನಿಲ್ಲಿಸಲಿ. ಗಾಳಿಯ ಒತ್ತಡವನ್ನು ಸೇತುವೆ ತಾಳುವುದೇ ಎಂದು ಮೊದಲು ಪರೀಕ್ಷಿಸಲಿ. ಬಳಿಕ ಸದ್ದನ್ನೂ ಯೂನಿಟ್ಟುಗಳನ್ನೂ ಒಂದು ವರ್ಷ ಅಳೆದು ಲೆಕ್ಕವನ್ನು ಜನರ ಮುಂದಿಡಲಿ.

ನಮ್ಮ ಅಭಿಪ್ರಾಯವಿಷ್ಟೆ: ಸದ್ದಿನ ಗೋಡೆ ಹೇಗೂ ಬೇಕೇ ಬೇಕೆಂಬ ಕಡೆ, ಫಲಕಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು ಮಾತ್ರ ವಿದ್ಯುತ್ತಿನ ಆದಾಯದೊಡನೆ ತೂಗಿ ನೋಡಬೇಕು. ವಿದ್ಯುತ್ತಷ್ಟೇ ಬೇಕಾದರೆ ಅದು ಮನೆ, ಗೋದಾಮುಗಳ ಛಾವಣಿಯ ಮೇಲೆಯೇ ಅಗ್ಗ. ಘಟ್ಟದ ರಸ್ತೆಗೆ ಇಂಥ ಯೋಜನೆ ಬಂದರೆ ಮಳೆಗಾಲದ ಮೋಡ, ಮರಗಳ ನೆರಳು, ತೋಟದ ದಾರಿ, ಮಳೆನೀರು ಹರಿಯುವ ಚರಂಡಿ, ಈ ನಾಲ್ಕರ ಬಗ್ಗೆ ಉತ್ತರ ಪಡೆಯದೆ ಯಾರೂ ಒಪ್ಪಿಗೆ ಕೊಡಬಾರದು.