ಆರಂಭಿಕ ಶಿಲ್ಕು ಸಾಕೆನ್ನುವವರಿಗೆ

"ಹಳೆಯದೆಲ್ಲ ಯಾಕೆ ಸಾರ್? ಓಪನಿಂಗ್ ಬ್ಯಾಲೆನ್ಸ್ ಹಾಕಿಕೊಂಡು ಮುಂದೆ ಹೋಗೋಣ."

ಹೊಸ ಅಕೌಂಟಿಂಗ್ ಸಾಫ್ಟ್‌ವೇರ್ ಮಾರಲು ಬರುವವರ ಬಾಯಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಒಂದು ಕಾಲಕ್ಕೆ ನಾನೂ ತಲೆಯಾಡಿಸುತ್ತಿದ್ದೆ. ವರ್ಷದ ಕೊನೆಯ ಶಿಲ್ಕುಗಳನ್ನು ಹೊಸ ಪುಸ್ತಕದ ಮೊದಲ ಪುಟಕ್ಕೆ ಇಳಿಸಿಕೊಂಡರೆ ಲೆಕ್ಕ ಮುಂದುವರಿಯುತ್ತದೆ ಎಂದೇ ನಮಗೆ ಬಿ.ಕಾಂ.ನಲ್ಲಿ ಕಲಿಸಿದ್ದು. ಕಲಿಸಿದ್ದು ತಪ್ಪಲ್ಲ. ಆದರೆ ಕಲಿಸಿದವರ ಮನಸ್ಸಿನಲ್ಲಿ ಒಂದು ನಂಬಿಕೆ ಇತ್ತು: ಹಳೆಯ ಪುಸ್ತಕ ಕಪಾಟಿನಲ್ಲಿ ಇರುತ್ತದೆ, ಬೇಕೆಂದಾಗ ತೆಗೆದು ಓದಬಹುದು. ಕಿರ್ದಿ, ಖಾತೆಪುಸ್ತಕಗಳ ಕಾಲಕ್ಕೆ ಅದು ನಿಜ. ಈಗ, ಕಡತವನ್ನು ಓದಬಲ್ಲ ಪ್ರೋಗ್ರಾಮು ನಿಂತುಹೋದ ಮೇಲೆ ಕಪಾಟಿನಲ್ಲಿ ಉಳಿಯುವುದು ಪುಸ್ತಕವಲ್ಲ, ಇಟ್ಟಿಗೆ.

ನನ್ನ ವಾದ ಇಷ್ಟೇ. ಹಳೆಯ ಲೆಕ್ಕವನ್ನು ಓದುವ ಹಳೆಯ ಪ್ರೋಗ್ರಾಮನ್ನು ಇಂದಿನ ಯಂತ್ರಕ್ಕೆ ಹೊಂದಿಸಿ ಉಳಿಸಿಕೊಳ್ಳುವುದು ಐಟಿಯವರ ಚಪಲವಲ್ಲ, ಅದು ಲೆಕ್ಕಪತ್ರದ ಕೆಲಸ. ಆ ಕೆಲಸ ಮುಗಿಯಿತೆಂದು ಹೇಳುವ ಅಧಿಕಾರವೂ ಪ್ರೋಗ್ರಾಮರನದಲ್ಲ, ಲೆಕ್ಕಿಗನದು. ಇದನ್ನು ನಾನು ಕಲಿತದ್ದು ದುಬೈಯ ಒಂದು ವ್ಯಾಪಾರಿ ಸಂಸ್ಥೆಯಲ್ಲಿ.

ಅಲ್ಲಿನ ಸಂಬಳ ಮತ್ತು ದಾಸ್ತಾನಿನ ಪ್ರೋಗ್ರಾಮು ತೊಂಬತ್ತರ ದಶಕದ್ದು, ಡಾಸ್ ಮೇಲೆ ಓಡುವಂಥದ್ದು. ಅದರ ಹೊಟ್ಟೆಯೊಳಗೆ ಒಂದು ಡೇಟಾಬೇಸ್ ಲೈಬ್ರರಿ ಇತ್ತು. ಪುಸ್ತಕದ ಲೈಬ್ರರಿಯಲ್ಲ, ದಾಖಲೆಗಳನ್ನು ಡಿಸ್ಕಿಗೆ ಬರೆಯುವ, ಹುಡುಕಿ ತರುವ ಸಿ ಭಾಷೆಯ ಸಂಕೇತಗಳ ಕಟ್ಟು. ಆ ಕಾಲದಲ್ಲಿ ಇಂಥ ಕೆಲವು ಲೈಬ್ರರಿಗಳನ್ನು ಮೂಲ ಸಂಕೇತದ ಸಮೇತ ಮಾರುತ್ತಿದ್ದರು. ನಮ್ಮದೂ ಹಾಗೆ ಬಂದದ್ದು. ಫ್ಲಾಪಿಗಳು ಹಳೆಯ ವೋಚರುಗಳ ಕೋಣೆಯಲ್ಲಿ ಒಂದು ಡಬ್ಬಿಯಲ್ಲಿದ್ದವು. ಅದನ್ನು ಯಂತ್ರದ ಭಾಷೆಗೆ ಇಳಿಸಿದ ಕಂಪೈಲರ್ ಬೋರ್ಲೆಂಡ್ ಸಿ. ಪ್ರೋಗ್ರಾಮು ಬರೆದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

2022ರಲ್ಲಿ ಅದನ್ನು ಓಡಿಸುತ್ತಿದ್ದ ಕೊನೆಯ ಕಂಪ್ಯೂಟರ್ ಕೆಟ್ಟಿತು. ಹೊಸದು 64 ಬಿಟ್ಟಿನದು. 64 ಬಿಟ್ಟಿನ ವಿಂಡೋಸ್ 16 ಬಿಟ್ಟಿನ ಡಾಸ್ ಪ್ರೋಗ್ರಾಮನ್ನು ಓಡಿಸುವುದೇ ಇಲ್ಲ. ಆಗ ಬಂದರು ಓಪನಿಂಗ್ ಬ್ಯಾಲೆನ್ಸಿನವರು. ಆಡಳಿತದವರು ಒಪ್ಪಿದರು. ನಾನೂ ವಿರೋಧಿಸಲಿಲ್ಲ, ಆ ತಪ್ಪನ್ನು ಇಲ್ಲೇ ಜಮಾ ಮಾಡುತ್ತೇನೆ.

ಮರುವರ್ಷ ನಮ್ಮ ಸ್ಟೋರ್‌ಕೀಪರ್ ಊರಿಗೆ ಹೊರಟರು. ಬೈಂದೂರಿನ ಕಡೆಯವರು, 2001ರಲ್ಲಿ ಸೇರಿದವರು. 2009ರಲ್ಲಿ ಅವರನ್ನು ಅದೇ ಮಾಲೀಕರ ಇನ್ನೊಂದು ಕಂಪೆನಿಗೆ ವರ್ಗಾಯಿಸಲಾಗಿತ್ತು. ಹೊಸ ಸಾಫ್ಟ್‌ವೇರಿನಲ್ಲಿ ಅವರ ಸೇರಿದ ದಿನಾಂಕ 2009. ಇಲ್ಲಿನ ಕಾನೂನಿನಂತೆ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ತಲಾ 21 ದಿನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಮೂಲ ವೇತನ. 22 ವರ್ಷಕ್ಕೆ 615 ದಿನ. 14 ವರ್ಷವೆಂದರೆ 375 ದಿನ. ವ್ಯತ್ಯಾಸ 240 ದಿನ, ಎಂಟು ತಿಂಗಳ ಮೂಲ ವೇತನ.

"ಮೊದಲ ಎಂಟು ವರ್ಷದ್ದು ವರ್ಗಾವಣೆಯ ಹೊತ್ತಿಗೇ ಕೊಟ್ಟು ಮುಗಿಸಿರಬೇಕು" ಎಂದರು ಆಡಳಿತದವರು. ಕೊಟ್ಟಿದ್ದಾರೋ ಇಲ್ಲವೋ ಹೇಳಲು ಬ್ಯಾಂಕಿನ ದಾಖಲೆಯೂ ಇಲ್ಲ. ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಿಸುವ ವ್ಯವಸ್ಥೆ ಇಲ್ಲಿ ಬಂದದ್ದೇ 2009ರಲ್ಲಿ, ಅದಕ್ಕೆ ಮೊದಲು ನಮ್ಮಲ್ಲಿ ಎಲ್ಲವೂ ಲಕೋಟೆಯಲ್ಲಿ. ಓಪನಿಂಗ್ ಬ್ಯಾಲೆನ್ಸಿನಲ್ಲಿ 'ಗ್ರಾಚ್ಯುಟಿ ಬಾಬ್ತು' ಎಂದು ಒಂದೇ ಮೊತ್ತವಿತ್ತು. ಮೊತ್ತ ಫಿಲ್ಸ್‌ವರೆಗೂ ಸರಿ. ಅದರಲ್ಲಿ ಯಾರ ಪಾಲು ಎಷ್ಟು ಎಂಬುದು ಮಾತ್ರ ಹಳೆಯ ಕಡತದಲ್ಲಿ ಉಳಿದಿತ್ತು.

"ಅಷ್ಟು ದುಡ್ಡು ಕೈಗೆ ಬಂದಿದ್ರೆ ನಂಗೆ ಮರೀತಿತ್ತಾ ಸಾರ್?" ಎಂದು ಕೇಳಿದರು ಅವರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು. ನನ್ನ ಬಳಿ ಇದ್ದದ್ದು ಇಟ್ಟಿಗೆ.

"ಡೇಟಾ ಎಕ್ಸ್‌ಪೋರ್ಟ್ ಮಾಡಿಸಿದ್ದರೆ ಆಗುತ್ತಿತ್ತಲ್ಲ" ಎನ್ನುವವರಿದ್ದಾರೆ. ಡಿಬೇಸ್ ಕಡತಗಳಾಗಿದ್ದರೆ ನಿಜ. ಅವುಗಳ ವಿನ್ಯಾಸ ಲೋಕಕ್ಕೆಲ್ಲ ಗೊತ್ತು, ಲಿಬ್ರೆ ಆಫೀಸ್ ಕೂಡ ತೆರೆಯುತ್ತದೆ. ನಮ್ಮ ಲೈಬ್ರರಿಯ ಕಡತಗಳ ವಿನ್ಯಾಸ ಇದ್ದದ್ದು ಅದರ ಮೂಲ ಸಂಕೇತದಲ್ಲಿ ಮಾತ್ರ. ಎಕ್ಸ್‌ಪೋರ್ಟ್ ಮಾಡಲೂ ಮೊದಲು ಓದಬೇಕು. ಹಾಗಾಗಿ ಒಬ್ಬ ಯುವ ಪ್ರೋಗ್ರಾಮರನನ್ನು ಹಿಡಿದು, ಫ್ಲಾಪಿಯ ಸಂಕೇತಗಳನ್ನು ಲಿನಕ್ಸ್ ಮೇಲಿನ ಜಿಸಿಸಿ ಎಂಬ ಉಚಿತ ಕಂಪೈಲರಿಗೆ ಒಗ್ಗಿಸುವ ಕೆಲಸಕ್ಕೆ ಕೂರಿಸಿದೆವು. ಅವನ ಪಕ್ಕದಲ್ಲಿ ಹಳೆಯ ಡಾಟ್ ಮ್ಯಾಟ್ರಿಕ್ಸ್ ಟ್ರಯಲ್ ಬ್ಯಾಲೆನ್ಸುಗಳ ಕಟ್ಟು ಹಿಡಿದು ನಾನು ಕೂತೆ.

ಮೊದಲ ತಪ್ಪು ಕೂಗಿ ಹೇಳಿತು. ಹಳೆಯ ಕಂಪೈಲರಿನಲ್ಲಿ 'ಇಂಟ್' ಎಂಬ ಪೂರ್ಣಾಂಕಕ್ಕೆ ಎರಡು ಬೈಟು, 'ಲಾಂಗ್'ಗೆ ನಾಲ್ಕು. ಹೊಸದರಲ್ಲಿ ನಾಲ್ಕು ಮತ್ತು ಎಂಟು. ಅಳತೆಗೋಲು ಬದಲಾದ ಮೇಲೆ ಪಕ್ಕದ ಮನೆಯ ಬೈಟುಗಳೂ ಈ ಸಂಖ್ಯೆಯೊಳಗೆ ಬಂದು ಕೂರುತ್ತವೆ; ನೂರಾರು ನೌಕರರಿದ್ದ ಕಡತದಲ್ಲಿ ಕೋಟಿಗಟ್ಟಲೆ ನೌಕರರು ಕಂಡರು. ಇಂಥ ತಪ್ಪಿಗೆ ಹೆದರಬೇಕಿಲ್ಲ. ಯಾರು ಬೇಕಾದರೂ ಹಿಡಿಯುತ್ತಾರೆ.

ಎರಡನೆಯದು ಪಿಸುಗುಟ್ಟಿತು. ಪಟ್ಟಿ ತೆಗೆದರೆ ಎಲ್ಲ ದಾಖಲೆಗಳೂ ಬರುತ್ತಿದ್ದವು, ಮೊತ್ತವೂ ತಾಳೆಯಾಗುತ್ತಿತ್ತು. ಹುಡುಗ "ಆಯ್ತು ಸಾರ್" ಎಂದು ಲ್ಯಾಪ್‌ಟಾಪ್ ಮಡಚಲು ಹೊರಟ. ನಾನು ಆಡಿಟಿನ ಹಳೆಯ ಚಾಳಿ ಬಿಡಲಿಲ್ಲ: ವೋಚರಿನಿಂದ ಖಾತೆಗೆ ಹೋದರೆ ಸಾಲದು, ಖಾತೆಯಿಂದ ವೋಚರಿಗೂ ಬರಬೇಕು. ಪಟ್ಟಿಯಲ್ಲಿ ಬಂದ ಪ್ರತಿ ಹೆಸರನ್ನೂ ಮತ್ತೆ ಸೂಚಿಯ ಮೂಲಕ ಹುಡುಕಿಸು ಎಂದೆ. ಬಹುಪಾಲು ಸಿಕ್ಕವು. ಕೆಲವು ಸಿಗಲಿಲ್ಲ. ಸಿಗದವರಲ್ಲಿ ನಮ್ಮ ಸ್ಟೋರ್‌ಕೀಪರೂ ಒಬ್ಬರು. ಕಂಪೆನಿ ಬದಲಾದಾಗ ಅವರ ನೌಕರ ಸಂಖ್ಯೆಯೂ ಬದಲಾಗಿದ್ದರಿಂದ, ಹಳೆಯ ಸೇವೆಗೂ ಹೊಸ ಸೇವೆಗೂ ಗಂಟು ಹಾಕುವ ವರದಿ ಹೆಸರಿನ ಸೂಚಿಯನ್ನೇ ನಂಬಿಕೊಂಡಿತ್ತು. ಆ ವರದಿಯ ಮಟ್ಟಿಗೆ 2001ರಿಂದ 2009ರವರೆಗೆ ಅಂಥ ಮನುಷ್ಯನೇ ಇಲ್ಲ.

ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ನೌಕರರ ಹೆಸರುಗಳು ಕಡತದಲ್ಲಿ ಅರಬ್ಬಿಯಲ್ಲಿದ್ದವು. ಅರಬ್ಬಿ ಅಕ್ಷರಗಳ ಸಂಕೇತ ಸಂಖ್ಯೆಗಳು 127ರಿಂದ ಮೇಲೆ. ಸಿ ಭಾಷೆಯಲ್ಲಿ 'ಚಾರ್' ಎಂಬ ಒಂದು ಬೈಟು 0ಯಿಂದ 255ರವರೆಗೆ ಎಣಿಸಬೇಕೋ, ಮೈನಸ್ 128ರಿಂದ 127ರವರೆಗೆ ಎಣಿಸಬೇಕೋ ಎಂಬುದನ್ನು ಭಾಷೆಯ ನಿಯಮ ಕಂಪೈಲರಿಗೇ ಬಿಟ್ಟಿದೆ. ಹಳೆಯ ಮೇಕ್‌ಫೈಲಿನ ಮೂಲೆಯಲ್ಲಿ 'ಕೆ' ಎಂಬ ಒಂದೇ ಅಕ್ಷರದ ಸೂಚನೆ ಇತ್ತು: ಮೈನಸ್ ಬೇಡ ಎಂದು. ಹೊಸ ಕಂಪೈಲರಿಗೆ ಅದನ್ನು ಯಾರೂ ಹೇಳಿರಲಿಲ್ಲ. ಹೇಳದ ಕಾರಣ ಅರಬ್ಬಿ ಅಕ್ಷರಗಳೆಲ್ಲ ಮೈನಸ್ ಆಗಿ, ಪದಗಳ ನಡುವಿನ ಖಾಲಿ ಜಾಗಕ್ಕಿಂತಲೂ ಕೆಳಗೆ ಹೋದವು. ಸೂಚಿಯಲ್ಲಿ ಬಲಕ್ಕೆ ತಿರುಗಬೇಕಾದ ಹುಡುಕಾಟ ಎಡಕ್ಕೆ ತಿರುಗಿ, ಖಾಲಿ ಕೈಯಲ್ಲಿ ಬಂದು "ಇಲ್ಲ" ಎಂದಿತು. ಆ ಒಂದು ಸೂಚನೆ ಮರಳಿ ಸೇರಿಸಿದೆವು. ಅವರು ಸಿಕ್ಕರು. 2009ರಲ್ಲಿ ಪಾವತಿಯ ಅಂಕಣ ಖಾಲಿ; ಅವರ ಹೆಸರಿನ ಬಾಬ್ತು ಹೊಸ ಕಂಪೆನಿಗೆ ವರ್ಗ ಎಂಬ ನಮೂದು. 615 ದಿನದ ಹಣ ಸಂದಾಯವಾಯಿತು.

ಮೂರನೆಯ ತಪ್ಪು ಬಾಯಿಯನ್ನೇ ಬಿಡಲಿಲ್ಲ. ಕೆಲವು ತಿಂಗಳ ಸಂಬಳದ ಮೊತ್ತದಲ್ಲಿ ಒಂದು, ಎರಡು ಫಿಲ್ಸ್ ವ್ಯತ್ಯಾಸ. 1.005 ಎಂಬ ಸಂಖ್ಯೆಯನ್ನು ಕಂಪ್ಯೂಟರಿನ ದ್ವಿಮಾನದಲ್ಲಿ ನಿಖರವಾಗಿ ಬರೆಯಲಾಗದು. ಕೂರುವುದು ಅದಕ್ಕಿಂತ ಕೂದಲೆಳೆ ಕಡಿಮೆ. ಹಳೆಯ ಯಂತ್ರದ ಗಣಿತ ಘಟಕ ನಡುವಿನ ಲೆಕ್ಕವನ್ನು 80 ಬಿಟ್ಟಿನಲ್ಲಿ ಮಾಡುತ್ತಿತ್ತು, ಹೊಸ ಕಂಪೈಲರ್ 64 ಬಿಟ್ಟಿನಲ್ಲಿ ಮಾಡಿಸುತ್ತಿತ್ತು. ಅರ್ಧ ಫಿಲ್ಸ್ ಎಲ್ಲಿ ಬಂತೋ ಅಲ್ಲಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಹೊರಳಬಹುದು. "ಒಂದು ಫಿಲ್ಸ್ ತಾನೆ, ಹೊಸದೇ ಹೆಚ್ಚು ಸರಿ ಇರಬಹುದು" ಎಂದ ಹುಡುಗ. ಇಲ್ಲಿ ನಾನು ಜಗಳವನ್ನೇ ಆಡಿದೆ. ಒಂದು ಫಿಲ್ಸ್ ವ್ಯತ್ಯಾಸ ಎಂದರೆ ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ನುಂಗಿ ಉಳಿಸಿದ ಬಾಲವೂ ಆಗಿರಬಹುದು. ಅದಕ್ಕಿಂತ ಮುಖ್ಯವಾಗಿ, ಸಹಿ ಬಿದ್ದ ಲೆಕ್ಕವನ್ನು ತಿದ್ದಲು ಕಂಪೈಲರ್ ಯಾರು? ತಿದ್ದುವುದಕ್ಕೆ ಜರ್ನಲ್ ಎಂಟ್ರಿ ಇದೆ, ಕೆಳಗೆ ಕಾರಣ ಬರೆಯಲು ಜಾಗವಿದೆ. ಹಳೆಯ ಪುಸ್ತಕ ಓದುವ ಪ್ರೋಗ್ರಾಮು ಹಳೆಯ ತಪ್ಪನ್ನೂ ಇದ್ದ ಹಾಗೆಯೇ ತೋರಿಸಬೇಕು.

ಪ್ರೋಗ್ರಾಮರ್ ಮಿತ್ರರಲ್ಲಿ ಒಂದು ಮಾತು. ಹೊಸ ಕಂಪೈಲರ್ ನೂರಾರು ಎಚ್ಚರಿಕೆಗಳನ್ನು ಕೊಡುತ್ತದೆ. ಅವುಗಳ ಬಾಯಿ ಮುಚ್ಚಿಸುವ ಸೂಚನೆಯೂ ಉಂಟು, ನೀವು ಅದನ್ನು ಬಳಸುತ್ತೀರಿ. ನಮ್ಮ ಭಾಷೆಯಲ್ಲಿ ಅದಕ್ಕೆ ಸಸ್ಪೆನ್ಸ್ ಖಾತೆ ಎನ್ನುತ್ತಾರೆ. ವ್ಯತ್ಯಾಸವನ್ನು ಅಲ್ಲಿಗೆ ತಳ್ಳಿ ತಾಳೆಯಾಯಿತು ಎನ್ನುವ ಗುಮಾಸ್ತನನ್ನು ನಾವು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ. ಇನ್ನು ಕೆಲವರಿಗೆ ಹಳೆಯ ಸಂಕೇತ ಕಂಡರೇ ವಾಕರಿಕೆ. ಎಲ್ಲವನ್ನೂ ಹೊಸದಾಗಿ ಬರೆಯುತ್ತೇವೆ ಎನ್ನುತ್ತಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದು ಇದೇ. ಆ 'ಕೆ' ಅಕ್ಷರವನ್ನು ಹೊಸದಾಗಿ ಬರೆಯುವವನು ಎಲ್ಲಿಂದ ತರುತ್ತಾನೆ?

ಆದರೆ ನನ್ನ ಹೆಚ್ಚಿನ ಸಿಟ್ಟು ನಮ್ಮವರ ಮೇಲೆಯೇ. "ಅದು ಐಟಿಯವರ ವಿಷಯ" ಎಂದು ಕೈ ತೊಳೆದುಕೊಳ್ಳುವ ಲೆಕ್ಕಿಗರ ಮೇಲೆ. ಕೇಳಿದರೆ ಕಾನೂನಿನ ಅವಧಿ ತೋರಿಸುತ್ತಾರೆ: ಇಲ್ಲಿ ವ್ಯಾಟ್ ದಾಖಲೆಗೆ ಸಾಮಾನ್ಯವಾಗಿ 5 ವರ್ಷ, ಕಾರ್ಪೊರೇಟ್ ತೆರಿಗೆಗೆ 7, ಭಾರತದ 2013ರ ಕಂಪೆನಿ ಕಾಯಿದೆಯಲ್ಲಿ 8. ಸರಿ. ಮನುಷ್ಯನ ಸೇವೆ ಎಷ್ಟು? 22. ತೆರಿಗೆಯವನ ನೆನಪಿಗೆ ಕಾಲಮಿತಿ ಇದ್ದೀತು, ದುಡಿದವನ ಬಾಕಿಗೆ ಆ ಮಿತಿ ಹಾಕುವವರು ನಾವಾರು? ಕಾನೂನನ್ನೇ ಹಿಡಿದರೂ, ವಿದ್ಯುನ್ಮಾನ ಲೆಕ್ಕಪತ್ರಗಳು ಮುಂದೆ ನೋಡಲು ಬಳಕೆಗೆ ಬರುವಂತೆ ಇರಬೇಕೆಂದು ಭಾರತದ ಕಂಪೆನಿ ಲೆಕ್ಕಪತ್ರ ನಿಯಮಗಳು ಹೇಳುತ್ತವೆ. ಡಿಸ್ಕು ಕಪಾಟಿನಲ್ಲಿದೆ ಎಂಬುದು ಉತ್ತರವಲ್ಲ.

ಎರಡು ಆಕ್ಷೇಪಗಳು ನನಗೆ ಗೊತ್ತು. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬೇಕೇ ಎಂಬುದು ಮೊದಲನೆಯದು. ಖಂಡಿತ ಬೇಡ. ಹಳೆಯ ಲೈಬ್ರರಿಯಲ್ಲಿ ಹೊಸ ಲೆಕ್ಕ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ನಾವೂ ಓದಿದ್ದೆಲ್ಲವನ್ನೂ ಎಸ್‌ಕ್ಯೂಲೈಟ್‌ಗೆ ಇಳಿಸಿದೆವು. ಅದರ ಸಂಕೇತ ಯಾರ ಸ್ವತ್ತೂ ಅಲ್ಲ, ಕನಿಷ್ಠ 2050ರವರೆಗೆ ಅದನ್ನು ನೋಡಿಕೊಳ್ಳುವ ಉದ್ದೇಶವನ್ನು ಅದರ ಕರ್ತೃಗಳು ಬಹಿರಂಗವಾಗಿ ಹೇಳಿದ್ದಾರೆ. ಆದರೆ ಆ ದಡಕ್ಕೆ ದಾಟಲು ಈ ಸೇತುವೆ ಬೇಕಿತ್ತು. ಎರಡನೆಯ ಆಕ್ಷೇಪ: ಹೊಸ ಯಂತ್ರದೊಳಗೆ ಹಳೆಯ ಡಾಸನ್ನು ಅಣಕು ಯಂತ್ರವಾಗಿ ಓಡಿಸಬಹುದಲ್ಲ? ಓಡಿಸಬಹುದು, ಮೊದಲ ದಿನಕ್ಕೆ ಅದು ಒಳ್ಳೆಯ ಊರುಗೋಲು. ಆದರೆ 1995ರಲ್ಲಿ ಯಾರೋ ಊಹಿಸಿದ ವರದಿಗಳನ್ನು ಮಾತ್ರ ಅದು ಕೊಡುತ್ತದೆ. 2023ರ ಪ್ರಶ್ನೆ ಬೇರೆ ಇತ್ತು.

ಇದು ಕೊಲ್ಲಿಯ ಕಥೆ ಮಾತ್ರವಲ್ಲ. ನಾನು ಆರ್ಟಿಕಲ್‌ಶಿಪ್ ಮಾಡುವಾಗ ಕರಾವಳಿಯ ಸಹಕಾರಿ ಸಂಘಗಳಲ್ಲಿ, ಅಡಿಕೆ ವ್ಯಾಪಾರಿಗಳ ಗದ್ದಿಗೆಯಲ್ಲಿ ಫಾಕ್ಸ್‌ಪ್ರೊ, ಕ್ಲಿಪ್ಪರ್ ಪ್ರೋಗ್ರಾಮುಗಳನ್ನೇ ನೋಡಿದೆ. ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟಿನ ಬೆಂಬಲ 2015ರ ಜನವರಿಗೇ ಮುಗಿಯಿತು. ಕ್ಲಿಪ್ಪರಿನವರ ಅದೃಷ್ಟ ಚೆನ್ನಾಗಿತ್ತು. ಹಾರ್ಬರ್ ಎಂಬ ಉಚಿತ ಕಂಪೈಲರನ್ನು ಕೆಲವರು ಕೂಡಿ ಕಟ್ಟಿದರು. ಯೂನಿಕೋಡಿಗೆ ಮೊದಲಿನ ಇಸ್ಕಿ ಸಂಕೇತದಲ್ಲಿ ಕನ್ನಡ ಹೆಸರುಗಳನ್ನು ತುಂಬಿದ ಕಡತ ನಿಮ್ಮಲ್ಲಿದ್ದರೆ, ಆ ಅಕ್ಷರಗಳೂ 127ರಿಂದ ಮೇಲೆಯೇ ಇವೆ. ನಮ್ಮ ಸ್ಟೋರ್‌ಕೀಪರ್ ಕಳೆದುಹೋದ ತಿರುವಿನಲ್ಲೇ ನಿಮ್ಮ ಸಂಘದ ಸದಸ್ಯರೂ ಕಳೆದುಹೋಗಬಹುದು.

ಆದ್ದರಿಂದ ಮುಂದಿನ ಸಲ ಓಪನಿಂಗ್ ಬ್ಯಾಲೆನ್ಸ್ ಸಾಕು ಎಂದವರಿಗೆ ಮೂರು ಪ್ರಶ್ನೆ ಹಾಕಿ. ಹಳೆಯ ಕಡತ ಓದುವ ಪ್ರೋಗ್ರಾಮಿನ ಮೂಲ ಸಂಕೇತ ಯಾರ ಬಳಿ ಇದೆ? ಇಂದಿನ ಯಂತ್ರದಲ್ಲಿ ಅದನ್ನು ಕೊನೆಯ ಸಲ ಓಡಿಸಿ ಹಳೆಯ ಟ್ರಯಲ್ ಬ್ಯಾಲೆನ್ಸಿನೊಡನೆ ತಾಳೆ ನೋಡಿದ್ದು ಯಾವಾಗ? ತಾಳೆ ನೋಡಿ ಸಹಿ ಹಾಕಿದವರು ಯಾರು? ಮೂರಕ್ಕೂ ಉತ್ತರ ಸಿಗುವವರೆಗೆ ಹಳೆಯ ಯಂತ್ರವನ್ನು ಗುಜರಿಗೆ ಹಾಕಲು ಬಿಡಬೇಡಿ. ನಮ್ಮಲ್ಲಿ ಈಗ ಪ್ರತಿ ವರ್ಷದ ಬಜೆಟ್ಟಿನಲ್ಲಿ ಈ ತಾಳೆಗೆಂದು ಎರಡು ದಿನದ ಖರ್ಚು ಇಟ್ಟಿದ್ದೇನೆ. ಆಡಳಿತದವರು ಪ್ರತಿ ವರ್ಷ ಅದನ್ನು ಹೊಡೆದುಹಾಕಲು ನೋಡುತ್ತಾರೆ. ನಾನು ಪ್ರತಿ ವರ್ಷ ಮತ್ತೆ ಬರೆಯುತ್ತೇನೆ.