ಕರ್ತೃ ಯಾರು?

“ಭೇದಭಾವ ಈಗೆಲ್ಲಿದೆ ಸ್ವಾಮಿ? ಅದೆಲ್ಲ ಹೆಣ್ಣುಮಕ್ಕಳ ಕಲ್ಪನೆ” ಎಂದು ನಮ್ಮ ಬಡಾವಣೆಯ ಮಹಾಶಯರೊಬ್ಬರು ಮೊನ್ನೆ ಅಪ್ಪಣೆ ಕೊಡಿಸಿದರು. ಅವರ ಮಗ ಇಂಜಿನಿಯರ್. ಅವನ ಕಂಪನಿಯಲ್ಲಿ ಹೆಂಗಸರೂ ದುಡಿಯುತ್ತಾರೆ. ಇನ್ನೇನು ಬೇಕು ಎಂಬುದು ಅವರ ವಾದ.

ಹಿಂದೆ ಇದಕ್ಕೆ ಉತ್ತರ ಸುಲಭವಾಗಿತ್ತು. 1933ರಲ್ಲಿ ಕಮಲಾ ಭಾಗವತ್ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೇ ಸಿ. ವಿ. ರಾಮನ್ನರು ಮೊದಲು ಒಲ್ಲೆನೆಂದರು. ಆಕೆ ಹಠ ಬಿಡದಿದ್ದಾಗ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಸೇರಿಸಿಕೊಂಡರು. 1974ರಲ್ಲಿ ಅದೇ ಸಂಸ್ಥೆಯ ವಿದ್ಯಾರ್ಥಿನಿ ಸುಧಾ ಕುಲಕರ್ಣಿ, ಅಂದರೆ ಇಂದಿನ ಸುಧಾ ಮೂರ್ತಿಯವರು, ಟೆಲ್ಕೊ ಕಂಪನಿಯ ಜಾಹೀರಾತಿನಲ್ಲಿ ಹೆಂಗಸರು ಅರ್ಜಿ ಹಾಕಬೇಕಾಗಿಲ್ಲವೆಂಬ ಸಾಲನ್ನು ಕಂಡು, ಜೆ. ಆರ್. ಡಿ. ಟಾಟಾ ಅವರಿಗೇ ಒಂದು ಅಂಚೆ ಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂದಿತು, ಕೆಲಸವೂ ಸಿಕ್ಕಿತು. ಆಗ ಅನ್ಯಾಯಕ್ಕೊಂದು ವಿಳಾಸವಿತ್ತು, ಕಾರ್ಡು ಹಾಕಬಹುದಿತ್ತು.

1976ರಲ್ಲಿ ಸಮಾನ ವೇತನದ ಕಾಯಿದೆ ಬಂದು, ನೇಮಕದಲ್ಲಿ ಭೇದ ಮಾಡುವುದನ್ನೂ ನಿಷೇಧಿಸಿತು. ಜಾಹೀರಾತಿನ ಆ ಸಾಲು ಅಳಿಸಿತು. ಮನಸ್ಸಿನಿಂದಲೂ ಅಳಿಸಿತೇ?

ಪಿ.ಯು.ಸಿ.ಯಲ್ಲಿ ನನ್ನಿಂದ ಕನ್ನಡ ಪಾಠ ಹೇಳಿಸಿಕೊಂಡವಳೊಬ್ಬಳು ಈಗ ಇಂಜಿನಿಯರ್. ಹನ್ನೆರಡು ವರ್ಷ ದುಡಿದಿದ್ದಾಳೆ. ಅವಳು ಕೆಲಸ ಕಲಿಸಿದ ಹುಡುಗನೇ ಅವಳ ಮೇಲಧಿಕಾರಿಯಾದ. ಕಾರಣ ಕೇಳಿದ್ದಕ್ಕೆ ಬಂದ ಉತ್ತರದ ತಾತ್ಪರ್ಯವಿಷ್ಟು: “ನಿಮ್ಮ ಹೆಸರನ್ನು ಈ ಸಲ ಪರಿಗಣಿಸಲಾಗಿಲ್ಲ.” ಕನ್ನಡ ಮೇಷ್ಟ್ರ ಕಿವಿಗೆ ಇದು ಕೂಡಲೇ ಚುಚ್ಚಿತು. ಕರ್ಮವಿದೆ, ಕ್ರಿಯೆಯಿದೆ, ಕರ್ತೃವೇ ನಾಪತ್ತೆ! ಯಾರು ಪರಿಗಣಿಸಲಿಲ್ಲ? ಯಾವ ಅಳತೆಗೋಲಿನಿಂದ? “ಹೆರಿಗೆ ರಜೆಯ ವರ್ಷ ನೀನಿರಲಿಲ್ಲವಲ್ಲ” ಎಂದು ಸಹೋದ್ಯೋಗಿಯೊಬ್ಬರು ಮೆಲ್ಲಗೆ ಉಸುರಿದರಂತೆ. ಆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದ್ದು 2017ರಲ್ಲಿ ಪಾರ್ಲಿಮೆಂಟು. ಕಾನೂನು ಕೊಟ್ಟ ಹಕ್ಕು ಕಚೇರಿಯಲ್ಲಿ ಅಪರಾಧವಾಯಿತು. ಆದರೆ ಕಾಗದದಲ್ಲಿ ಆ ಮಾತಿಲ್ಲ. ಇಲ್ಲದ ಸಾಲಿಗೆ ಯಾವ ವಿಳಾಸಕ್ಕೆ ಕಾರ್ಡು ಬರೆಯುವುದು?

ಹೆಂಗಸರ ಪ್ರತಿಯೊಂದು ದೂರೂ ನಿಜವೆಂದು ನಾನು ವಾದಿಸುವುದಿಲ್ಲ. ಆದರೆ ನಿಜವೋ ಕಲ್ಪನೆಯೋ ಎಂದು ತೀರ್ಮಾನಿಸಬೇಕಾದ ಲೆಕ್ಕದ ಪುಸ್ತಕ ಯಾರ ಬೀರುವಿನಲ್ಲಿದೆ? ಯಾವ ದರ್ಜೆಯಲ್ಲಿ ಎಷ್ಟು ಮಂದಿ ಹೆಂಗಸರು, ಒಂದೇ ಕೆಲಸಕ್ಕೆ ಯಾರಿಗೆಷ್ಟು ಸಂಬಳ, ಬಡ್ತಿಗೆ ಯಾರಿಗೆ ಎಷ್ಟು ವರ್ಷ ಹಿಡಿಯಿತು, ತೀರ್ಮಾನಕ್ಕೆ ಸಹಿ ಹಾಕಿದವರು ಯಾರು—ಇಷ್ಟನ್ನು ಕಂಪನಿಗಳು ತಮ್ಮ ಸಿಬ್ಬಂದಿಯ ಮುಂದೆ ಬಿಚ್ಚಿಡಲಿ. ಲೆಕ್ಕ ಸರಿಯಿದ್ದರೆ ನನ್ನ ಶಿಷ್ಯೆಯ ತಪ್ಪನ್ನು ನಾನೇ ತಿದ್ದುತ್ತೇನೆ. ಅಲ್ಲಿಯವರೆಗೆ, ಪುಸ್ತಕ ಬಚ್ಚಿಟ್ಟವರ ಪರವಾಗಿ “ಕಲ್ಪನೆ” ಎಂದು ತೀರ್ಪು ಕೊಡುವ ಅಧಿಕಾರ ನಮ್ಮ ಬಡಾವಣೆಯ ಮಹಾಶಯರಿಗೂ ಇಲ್ಲ.