ಎಣ್ಣೆ ಹಚ್ಚಿದ ತಲೆಯೂ ಇ.ಇ.ಜಿ. ಯಂತ್ರವೂ

ಕಳೆದ ತಿಂಗಳು ತಂಗಿಯ ಮಗಳನ್ನು ಚೆನ್ನೈನ ಒಂದು ಆಸ್ಪತ್ರೆಗೆ ಇ.ಇ.ಜಿ. ತೆಗೆಸಲು ಕರೆದೊಯ್ದಿದ್ದೆ. ಶಾಲೆಯಲ್ಲಿ ಎರಡು ಸಲ ಎಚ್ಚರ ತಪ್ಪಿ ಬಿದ್ದಿದ್ದಳು; ಮೂರ್ಛೆರೋಗವೋ ಅಲ್ಲವೋ ತಿಳಿಯಬೇಕಿತ್ತು. ಹೊರಗೆ ಹೊರಟ ಹುಡುಗಿ ಲಕ್ಷಣವಾಗಿರಬೇಡವೇ? ಅವಳಮ್ಮ ಕೊಬ್ಬರಿ ಎಣ್ಣೆ ತಿಕ್ಕಿ, ಎರಡು ಜಡೆ ಬಿಗಿದು, ಮಲ್ಲಿಗೆಯನ್ನೂ ಮುಡಿಸಿದ್ದಳು. ಪರೀಕ್ಷೆ ಮಾಡುವಾಕೆ ತಲೆ ಮುಟ್ಟಿ ನೋಡಿ ನಕ್ಕರು. "ನಾಳೆ ತಲೆ ತೊಳೆದು, ಎಣ್ಣೆಯಿಲ್ಲದೆ ಬನ್ನಿ." ತಪ್ಪು ನಮ್ಮದೇ. ಚೀಟಿಯ ಹಿಂದೆ ಬರೆದಿದ್ದನ್ನು ನಾವು ಓದಿರಲಿಲ್ಲ.

ಎಣ್ಣೆ ಮಾಡಿದ ಪಾಪವೇನು? ನೆತ್ತಿಯ ಮೇಲೆ ಸಿಗುವ ಮಿದುಳಿನ ವಿದ್ಯುತ್ತು ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿ ಇದರ ಹದಿನೈದು ಸಾವಿರ ಪಟ್ಟಿಗೂ ಹೆಚ್ಚು. ಜರ್ಮನಿಯ ಯೇನಾದ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರಲ್ಲಿ ಇದನ್ನು ಮೊದಲು ಹಿಡಿದು, 1929ರಲ್ಲಿ ಪ್ರಕಟಿಸಿದ. ಇಷ್ಟು ಕ್ಷೀಣವಾದ ಸಂಕೇತಕ್ಕೆ ಕೂದಲೂ ಅಡ್ಡಿ, ಎಣ್ಣೆಯೂ ಅಡ್ಡಿ, ನಡುವಿನ ಗಾಳಿಯೂ ಅಡ್ಡಿ. ಆದ್ದರಿಂದ ಬೈತಲೆ ತೆಗೆದು, ಚರ್ಮ ಉಜ್ಜಿ, ಉಪ್ಪಿನಂಶದ ಪೇಸ್ಟ್ ಮೆತ್ತಿ ಪುಟ್ಟ ಬಿಲ್ಲೆಗಳನ್ನು ಕೂರಿಸುತ್ತಾರೆ. ರೂಢಿಯ ಲೆಕ್ಕದಲ್ಲಿ ತಲೆಗೆ 19, ಕಿವಿಗಳಿಗೆ 2.

ಮರುದಿನ ಹುಡುಗಿ ಸುಮ್ಮನೆ ಕುಳಿತಳು. ಅತ್ತದ್ದು ಮನೆಗೆ ಬಂದಮೇಲೆ, ಒಣಗಿದ ಪೇಸ್ಟು ಕೂದಲನ್ನು ಹಿಡಿದೆಳೆದಾಗ. ಬಹಳ ಹೊತ್ತಿನ ಪರೀಕ್ಷೆಗಾದರೆ ಕೊಲೋಡಿಯನ್ ಎಂಬ ಅಂಟು ಬಳಸುವುದುಂಟು; ಅದನ್ನು ಬಿಡಿಸಲು ಅಸಿಟೋನ್ ಬೇಕು, ಘಾಟು ಬೇರೆ.

ಪೇಸ್ಟೇ ಬೇಡವೆಂದು ಬಾಚಣಿಗೆಯ ಹಲ್ಲಿನಂಥ ಮೊಳೆಗಳಿರುವ ಒಣ ಎಲೆಕ್ಟ್ರೋಡುಗಳನ್ನು ಮಾಡಿದ್ದಾರೆ. ಹಲ್ಲುಗಳು ಕೂದಲ ಸಂದಿಯಲ್ಲಿ ನುಸುಳಿ ನೆತ್ತಿ ಮುಟ್ಟುತ್ತವೆ. ಕಷ್ಟವಿರುವುದು ಇಲ್ಲೇ: ಚೆನ್ನಾಗಿ ತಾಗಲೆಂದು ಒತ್ತಿದರೆ ಸ್ವಲ್ಪ ಹೊತ್ತಿಗೇ ನೋವು, ಸಡಿಲ ಬಿಟ್ಟರೆ ತಲೆ ಅಲುಗಿದಾಗೆಲ್ಲ ಗೆರೆ ಕುಣಿಯುತ್ತದೆ. ಅದಕ್ಕೇ ಕೆಲವರು ಮೊಳೆಗೆ ಸ್ಪ್ರಿಂಗ್ ಇಟ್ಟರು, ಕೆಲವರು ವಿದ್ಯುತ್ ಹರಿಯುವ ಮೆತ್ತನೆಯ ರಬ್ಬರನ್ನು ಹಿಡಿದರು. ಉಪ್ಪುನೀರಿನ ಸ್ಪಂಜು ಹಿತವೇ, ಆದರೆ ಆರಿಹೋಗುತ್ತದೆ. ನಮ್ಮೂರ ಮೇ ತಿಂಗಳ ಬೆವರಿನ ಉಪ್ಪುನೀರು ಮಾತ್ರ ಉಪಕಾರಿಯಲ್ಲ. ಅದು ಗೆರೆಗಳನ್ನು ನಿಧಾನವಾಗಿ ಏರಿಳಿಸಿ ವೈದ್ಯರ ಕಣ್ಣು ತಪ್ಪಿಸುತ್ತದೆ.

ನನಗೆ ಹಿಡಿಸಿದ್ದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಆರ್ನೆಲ್ ಎಟಿಯೆನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಉಪಾಯ. ಆಫ್ರಿಕನ್ ಮೂಲದವರ ದಟ್ಟ ಗುಂಗುರು ಕೂದಲು ಬಿಲ್ಲೆಗಳನ್ನು ಮೇಲಕ್ಕೆ ನೂಕುತ್ತದೆ. ಇವರು ಕೂದಲನ್ನು ನೆತ್ತಿಗಂಟಿದ ಸಾಲು ಜಡೆಗಳಾಗಿ ಹೆಣೆದು, ಆ ಜಡೆಗಳ ಅಡಿಗೇ ಸಿಕ್ಕಿಕೊಳ್ಳುವ ಕ್ಲಿಪ್ ಮಾಡಿದರು. ಅಡ್ಡಿಯಾಗಿದ್ದ ಜಡೆಯೇ ಬಿಲ್ಲೆಯನ್ನು ಒತ್ತಿ ಹಿಡಿಯುತ್ತದೆ! ಜಡೆ ಹೆಣೆಯುವುದರಲ್ಲಿ ನಮ್ಮ ಹೆಂಗಸರೇನು ಕಡಿಮೆಯೇ?

ನಮ್ಮ ಮೈಸೂರು ಸೀಮೆಗೂ ಇದು ದೂರದ ಮಾತಲ್ಲ. ತಲೆಗೆ ಬಿಸಿನೀರು ಹೊಯ್ದಾಗ ಬರುವ ಮೂರ್ಛೆಯನ್ನು ಬೆಂಗಳೂರಿನ ಡಾ. ಕೆ. ಎಸ್. ಮಣಿ, ಬಳಿಕ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅಧ್ಯಯನ ಮಾಡಿದ್ದಾರೆ. ಇಂಥವರಲ್ಲಿ ಬೇರೆ ವೇಳೆಯ ಇ.ಇ.ಜಿ. ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಚೊಂಬಿನಲ್ಲಿ ನೀರು ಸುರಿಯುವಾಗಲೇ ಗೆರೆ ಹಿಡಿಯಬೇಕೆಂದರೆ ಪೇಸ್ಟಿನ ಗತಿಯೇನು, ನೀವೇ ಊಹಿಸಿ.

ನಮ್ಮ ಹುಡುಗಿಯ ವರದಿಯಲ್ಲಿ ದೋಷವಿಲ್ಲ. ಒಂದು ಸಲ ಸರಿಯಿದ್ದ ಮಾತ್ರಕ್ಕೆ ಮೂರ್ಛೆಯಲ್ಲವೆಂದು ಹೇಳಲಾಗದು, ನಿದ್ದೆಯಲ್ಲಿ ಮತ್ತೊಮ್ಮೆ ತೆಗೆಯೋಣ ಎಂದಿದ್ದಾರೆ ವೈದ್ಯರು. ಹಿಂದಿನ ರಾತ್ರಿ ಅವಳನ್ನು ನಿದ್ದೆಗೆಡಿಸಿ ಕರೆದೊಯ್ಯಬೇಕು. ಎಣ್ಣೆ ಶೀಸೆಯನ್ನು ತಂಗಿ ಈಗಲೇ ಅಟ್ಟಕ್ಕೇರಿಸಿದ್ದಾಳೆ.